ಮೂಲೆ ಸೇರಿದ ಗುರಿ ರೈಫಲ್ಲಿಗೆ ಮರುಜೀವ: ಫೈನ್‌ವೆರ್ಕ್‌ಬೌ 300ಎಸ್ ಬಿಚ್ಚಿ, ತೊಳೆದು, ಮೈಗೆ ಹೊಂದಿಸುವ ಬಗೆ

ಹಳೆಯ ಸ್ಪ್ರಿಂಗ್ ಏರ್ ರೈಫಲ್ಲಿನಲ್ಲಿ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಇಡುವ ಬಾಯಿಯ ಹತ್ತಿರ ಬೆಲ್ಲದ ಪುಡಿಯಂಥ ಕಂದು ಚೂರು ಕಂಡರೆ ಗಾಬರಿಯಾಗಬೇಡಿ. ಮಾರುವವರು ಅದನ್ನು ಹಳೆಯ ಗ್ರೀಸ್ ಎನ್ನುತ್ತಾರೆ, ಅದು ಗ್ರೀಸ್ ಅಲ್ಲ. ಪಿಸ್ಟನ್ನಿನ ಹೊಡೆತ ತಡೆಯಲು ಒಳಗಿಟ್ಟ ಪ್ಲಾಸ್ಟಿಕ್ ಬಫರ್ ವಯಸ್ಸಾಗಿ ಪುಡಿಯಾಗಿದೆ ಅಷ್ಟೆ. ಬೆಲೆ ಇಳಿಸಲು ಇದಕ್ಕಿಂತ ಒಳ್ಳೆ ಕಾರಣ ಬೇಕಿಲ್ಲ. ಆ ಬಫರ್ ಬದಲಿಸಬಹುದು, ಆಮೇಲೆ ಇನ್ನೊಂದು ತಲೆಮಾರು ಅದೇ ರೈಫಲ್ಲಿನಲ್ಲಿ ಗುರಿ ಕಲಿಯಬಹುದು.

ನಾನಿರುವುದು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ನಮ್ಮ ಕಡೆ ಊರಿಗೊಂದು ಗರಡಿ ಇದ್ದ ಹಾಗೆ ಇಲ್ಲಿ ಹಳ್ಳಿಹಳ್ಳಿಗೂ ಒಂದು ಶೂಟಿಂಗ್ ಕ್ಲಬ್. ಎಲ್ಲರೂ ಗಾಳಿ ಸಿಲಿಂಡರಿನ ಹೊಸ ರೈಫಲ್ ಹಿಡಿದ ಮೇಲೆ ಸ್ಪ್ರಿಂಗಿನ ಹಳೆಯವು ಕ್ಲಬ್ಬಿನ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಅವುಗಳಲ್ಲಿ ಹೆಚ್ಚು ಸಿಗುವುದೂ, ರಿಪೇರಿಗೆ ಹೆಚ್ಚು ಯೋಗ್ಯವಾದುದೂ 1970ರ ದಶಕದಲ್ಲಿ ಬಂದ ಫೈನ್‌ವೆರ್ಕ್‌ಬೌ 300ಎಸ್. ಕಂಪನಿ ಇರುವ ಓಬರ್ನ್‌ಡಾರ್ಫ್, ನೆಕ್ಕರ್ ನದಿಯ ದಂಡೆಯಲ್ಲಿ, ಇಲ್ಲಿಂದ ದಕ್ಷಿಣಕ್ಕೆ. ಮೊದಲು ಅದು ಮೌಸರ್ ಬಂದೂಕುಗಳ ಊರು. ಎರಡನೆಯ ಮಹಾಯುದ್ಧ ಮುಗಿದು ಮೌಸರ್ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿನ ಇಬ್ಬರು ಎಂಜಿನಿಯರುಗಳು, ಕಾರ್ಲ್ ವೆಸ್ಟಿಂಗರ್ ಮತ್ತು ಎರ್ನ್ಸ್ಟ್ ಆಲ್ಟೆನ್‌ಬುರ್ಗರ್, ಈ ಕಂಪನಿ ಕಟ್ಟಿದರು. ಫೈನ್‌ವೆರ್ಕ್‌ಬೌ ಎಂದರೆ ಸೂಕ್ಷ್ಮಯಂತ್ರಗಳ ತಯಾರಿಕೆ. ಒಮ್ಮೆ ಒಳಗೆ ನೋಡಿದರೆ ಆ ಹೆಸರು ಜಂಬದ್ದಲ್ಲ ಎಂದು ತಿಳಿಯುತ್ತದೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಜರ್ಮನಿಯಲ್ಲಿ ಪಂಚಕೋನದೊಳಗೆ ‘ಎಫ್’ ಅಕ್ಷರದ ಮುದ್ರೆ ಇದ್ದರೆ ಆ ಏರ್ ರೈಫಲ್ಲಿನ ಶಕ್ತಿ 7.5 ಜೂಲ್ ಮೀರುವುದಿಲ್ಲ ಎಂದು ಅರ್ಥ. 18 ತುಂಬಿದವರು ಪರವಾನಗಿ ಇಲ್ಲದೆ ಕೊಳ್ಳಬಹುದು. ಒಯ್ಯುವಾಗ ಖಾಲಿ ಇರಬೇಕು, ಬೀಗ ಹಾಕಿದ ಚೀಲದಲ್ಲಿರಬೇಕು. ಹೆಚ್ಚು ಬಿಗಿಯ ಸ್ಪ್ರಿಂಗ್ ಹಾಕಿ ಶಕ್ತಿ ಏರಿಸಿದರೆ ಆ ಮುದ್ರೆಗೆ ಬೆಲೆಯಿಲ್ಲ, ನೀವು ಅಪರಾಧಿ. ಭಾರತದಲ್ಲಿ 2016ರ ಶಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಡದ ಏರ್ ರೈಫಲ್ಲಿನ ಮಿತಿ 20 ಜೂಲ್ ಮತ್ತು .177 ಇಂಚಿನ ಬೋರ್, ಅಂದರೆ ನಳಿಗೆಯ ಒಳವ್ಯಾಸ 4.5 ಮಿ.ಮೀ. ಹಾಗೆಂದು ಇಲ್ಲಿಂದ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಆಲೋಚನೆ ಬೇಡ. ಆಮದಿನ ನಿಯಮ ಬೇರೆಯೇ ಇದೆ. ಊರಲ್ಲಿ ಇರುವವರು ಕ್ಲಬ್ಬಿನ ಹಿರಿಯ ಶೂಟರುಗಳನ್ನು ವಿಚಾರಿಸುವುದು ವಾಸಿ.

ಒಳಗೆ ಏನಿದೆ

ಬಿಚ್ಚುವ ಮುನ್ನ ಇದನ್ನು ತಿಳಿದಿರಬೇಕು. ಬಲಬದಿಯ ಉದ್ದ ಲಿವರನ್ನು ಹಿಂದಕ್ಕೆ ಎಳೆದರೆ ಸಿಲಿಂಡರ್ ಹಿಂದೆ ಸರಿದು ಪಿಸ್ಟನ್ನನ್ನು ತಳ್ಳುತ್ತದೆ, ಸ್ಪ್ರಿಂಗ್ ಅದುಮಿಕೊಳ್ಳುತ್ತದೆ, ನಳಿಗೆಯ ಹಿಂಬಾಯಿ ತೆರೆದುಕೊಳ್ಳುತ್ತದೆ. ಅಲ್ಲಿಗೆ ಪೆಲೆಟ್ ಇಟ್ಟು ಲಿವರ್ ಮುಚ್ಚಬೇಕು. ಟ್ರಿಗರ್ ಒತ್ತಿದಾಗ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಹಿಂಡುತ್ತದೆ.

ಸ್ಪ್ರಿಂಗಿನ ಎಲ್ಲ ರೈಫಲ್ಲುಗಳೂ ಹೀಗೆಯೇ. ಈ ನುಗ್ಗಾಟದ ಒದೆತ ಪೆಲೆಟ್ ನಳಿಗೆ ಬಿಡುವ ಮೊದಲೇ ಶುರುವಾಗುತ್ತದೆ, ಅದಕ್ಕೇ ಅವುಗಳಲ್ಲಿ ಗುರಿ ಕಷ್ಟ. 300ಎಸ್‌ನವರು ಮಾಡಿದ ಜಾಣತನ ಏನೆಂದರೆ, ನಳಿಗೆ ಮತ್ತು ಯಂತ್ರಭಾಗ ಪೂರ್ತಿಯನ್ನು ಮರದ ಸ್ಟಾಕಿನೊಳಗೆ ಹಳಿಯ ಮೇಲೆ ಕೂರಿಸಿದರು. ಹೊಡೆದ ಕ್ಷಣ ಇಡೀ ಲೋಹದ ಭಾಗ ಕೆಲವೇ ಮಿಲಿಮೀಟರ್ ಹಿಂದಕ್ಕೆ ಜಾರುತ್ತದೆ, ಮೇಜಿನ ಖಾನೆ ಜಾರಿದ ಹಾಗೆ. ಮರ ನಿಂತಲ್ಲೇ ನಿಂತಿರುತ್ತದೆ, ಭುಜಕ್ಕೆ ಏನೂ ಗೊತ್ತಾಗುವುದಿಲ್ಲ. ಸ್ಪ್ರಿಂಗ್ ಕೂಡ ಒಂದಲ್ಲ ಎರಡು, ಒಂದು ಎಡಸುತ್ತು, ಇನ್ನೊಂದು ಬಲಸುತ್ತು. ಬಿಚ್ಚಿಕೊಳ್ಳುವಾಗ ಒಂದರ ತಿರುಚನ್ನು ಇನ್ನೊಂದು ಕಳೆಯುತ್ತದೆ.

ಇಂಥದ್ದನ್ನು ಲೆಕ್ಕ ಹಾಕಿ ಕಟ್ಟಿದವರ ಕೆಲಸವನ್ನು ನಾವು ಮನೆಯ ಗ್ಯಾರೇಜಿನಲ್ಲಿ ‘ಸುಧಾರಿಸಲು’ ಹೋಗಬಾರದು. ನನ್ನ ಪದ್ಧತಿ ಇಷ್ಟೇ: ಯಂತ್ರವನ್ನು ಮೊದಲಿದ್ದ ಹಾಗೆ ಮಾಡು, ಮರವನ್ನು ನಿನಗೆ ಬೇಕಾದ ಹಾಗೆ ಮಾಡು.

ಕೊಳ್ಳುವಾಗ

ಬಣ್ಣ ಹೋಗಿದೆಯೇ, ಮರ ತರಚಿದೆಯೇ ಎಂದು ನೋಡುತ್ತ ಕೂರಬೇಡಿ, ಅವು ನಮ್ಮ ಕೈಯಲ್ಲಿವೆ. ನಳಿಗೆಯ ತುದಿಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಅಲ್ಲಿ ಕಚ್ಚು ಬಿದ್ದಿದ್ದರೆ ಬಿಟ್ಟುಬಿಡಿ. ಲಿವರನ್ನು ನಿಧಾನವಾಗಿ ಎಳೆದಾಗ ಹಲ್ಲುಗಳು ಟಕಟಕ ಎಂದು ಹಿಡಿಯಬೇಕು. ನಿಮ್ಮ ಬೆರಳು ಸಿಲಿಂಡರಿನ ದಾರಿಯಲ್ಲಿರುವಾಗ ಕಾಯುವುದು ಆ ಹಲ್ಲುಗಳೇ. ಅವನ್ನು ಪರೀಕ್ಷಿಸಿದ ಮೇಲೂ ನಂಬಬೇಡಿ. ಪೆಲೆಟ್ ಇಡುವಾಗ ಒಂದು ಕೈ ಲಿವರ್ ಮೇಲೆ ಇರಲೇಬೇಕು. ಅದು ಜಾರಿದರೆ ಬೆರಳ ತುದಿ ಉಳಿಯುವುದಿಲ್ಲ.

ಹಿಂಬದಿಯ ಡಯಾಪ್ಟರ್, ಅಂದರೆ ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸಾಧನ, ಇದೆಯೇ ಎಂದೂ ನೋಡಿ. ಅದಿಲ್ಲದ ರೈಫಲ್ ಅಗ್ಗಕ್ಕೆ ಸಿಗುತ್ತದೆ, ಆಮೇಲೆ ಡಯಾಪ್ಟರ್ ಹುಡುಕಿ ಕೊಳ್ಳುವ ಹೊತ್ತಿಗೆ ಅಗ್ಗವೆನ್ನುವುದು ಹಾರಿಹೋಗಿರುತ್ತದೆ.

ತಂದ ದಿನವೇ ಬಿಚ್ಚಬೇಡಿ. ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದವರಿಂದ ಎರವಲು ತಂದು ಹತ್ತು ಪೆಲೆಟ್‌ಗಳ ವೇಗ ಬರೆದಿಡಿ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 168 ಮೀಟರ್ ಹೋದರೆ ಲೆಕ್ಕ ಸರಿಯಾಗಿ 7.5 ಜೂಲಿಗೆ ಬರುತ್ತದೆ. ನನ್ನದು ಬಂದಾಗ 140ರ ಆಸುಪಾಸಿನಲ್ಲಿ ತೆವಳುತ್ತಿತ್ತು, ಎಂದರೆ 5.2 ಜೂಲ್. ಒಂದಕ್ಕೂ ಇನ್ನೊಂದಕ್ಕೂ ವೇಗದಲ್ಲಿ 10 ಮೀಟರಿನಷ್ಟು ಏರುಪೇರು ಬೇರೆ. ಲೋಹಕ್ಕೆ ಲೋಹ ಬಡಿದ ಖಣ್ ಸದ್ದು. ಒಳಗೆ ಬಫರ್ ಇಲ್ಲ ಎಂದು ಹೇಳಲು ಇಷ್ಟು ಸಾಕಾಯಿತು. ಹೀಗೆ ಖಣ್ ಎನ್ನುತ್ತಿದ್ದರೆ ಹತ್ತಕ್ಕಿಂತ ಹೆಚ್ಚು ಹೊಡೆಯಬೇಡಿ, ಪಿಸ್ಟನ್ ಮುಖ ಜಜ್ಜಿಹೋಗುತ್ತದೆ.

ಬಿಚ್ಚುವುದು

ಲಿವರ್ ಮುಚ್ಚಿದೆ, ಸ್ಪ್ರಿಂಗ್ ಎಳೆದಿಲ್ಲ, ನಳಿಗೆ ಖಾಲಿ. ಈ ಮೂರನ್ನೂ ಕಣ್ಣಿಂದ ನೋಡಿ, ಬಾಯಲ್ಲಿ ಹೇಳಿಕೊಂಡು ಶುರುಮಾಡಿ. ನಿಮ್ಮ ಮಾದರಿಯ ಬಿಡಿಭಾಗಗಳ ಚಿತ್ರವನ್ನು ಮುದ್ರಿಸಿ ಎದುರಿಗಿಟ್ಟುಕೊಳ್ಳಿ. 150, 300, 300ಎಸ್ ಮೇಲ್ನೋಟಕ್ಕೆ ಅಣ್ಣತಮ್ಮಂದಿರು, ಒಳಗಿನ ಭಾಗ ಎಲ್ಲವೂ ಒಂದೇ ಅಲ್ಲ.

ಸ್ಕ್ರೂಡ್ರೈವರ್ ಸ್ಕ್ರೂವಿನ ಸೀಳಿಗೆ ಬಿಗಿಯಾಗಿ ಕೂರಬೇಕು. ಕೂರದಿದ್ದರೆ ಸ್ಕ್ರೂ ಅಲ್ಲ, ಸ್ಕ್ರೂಡ್ರೈವರನ್ನು ಅರದಲ್ಲಿ ಉಜ್ಜಿ ಸರಿಮಾಡಿ. ಹಳೆಯ ರೈಫಲ್ಲಿನ ಹಿಂದಿನ ಯಜಮಾನ ಎಂಥವನು ಎಂದು ಸ್ಕ್ರೂ ತಲೆ ನೋಡಿದರೆ ತಿಳಿಯುತ್ತದೆ, ನಾಳೆ ನಿಮ್ಮನ್ನೂ ಹಾಗೆಯೇ ಅಳೆಯುತ್ತಾರೆ. ತೆಗೆದ ಪ್ರತಿ ಸ್ಕ್ರೂ, ಪಿನ್ನು, ವಾಷರ್ ತೆಗೆದ ಕ್ರಮದಲ್ಲೇ ಗುಳಿ ಗುಳಿಯಾಗಿ ಇಡಲು ನಾನು ಪಡ್ಡಿನ ಹಂಚು ಬಳಸುತ್ತೇನೆ. ಏಳು ಗುಳಿ ಸಾಲದಾಗಿ ಎರಡನೆಯದು ಕೊಳ್ಳಬೇಕಾಯಿತು. ಅಡಿಗೆಮನೆಯದನ್ನು ಮಾತ್ರ ಮುಟ್ಟಬೇಡಿ, ಒಮ್ಮೆ ಪಿಸ್ಟನ್ನಿಗೆ ಸವರುವ ಮಾಲಿಬ್ಡಿನಮ್ ಪೇಸ್ಟ್ ತಾಗಿದ ಹಂಚಿನಲ್ಲಿ ಮತ್ತೆ ಪಡ್ಡು ಮಾಡಲಾಗದು.

ಮರದಿಂದ ಯಂತ್ರಭಾಗ ಎತ್ತಿದ ಮೇಲೆ ಫೋಟೋ ತೆಗೆಯುತ್ತ ಹೋಗಿ. ಹೆಜ್ಜೆಗೊಂದಲ್ಲ, ಹೆಜ್ಜೆಗೆ ಮೂರು. ಹಳಿಯ ಭಾಗ, ಟ್ರಿಗರ್ ಪೆಟ್ಟಿಗೆ ಹೊರಬಂದ ನಂತರ ಅಪಾಯದ ಘಟ್ಟ: ಹಿಂಬದಿಯ ಬ್ಲಾಕ್ ಬಿಡಿಸಬೇಕು, ಅದರ ಒಳಬದಿಗೆ ಎರಡು ಸ್ಪ್ರಿಂಗ್ ಅದುಮಿಕೊಂಡು ಕೂತಿವೆ. ಎದೆಗೆ ಒತ್ತಿಕೊಂಡು ಬಿಚ್ಚಿದ ಧೀರರ ಕಥೆ ಕೇಳಿದ್ದೇನೆ, ಅವರ ಹಲ್ಲಿನ ಕಥೆಯನ್ನೂ ಕೇಳಿದ್ದೇನೆ. ಬಡಗಿಗಳು ಬಾಗಿಲ ಚೌಕಟ್ಟು ಅಂಟಿಸಲು ಬಳಸುವ ಉದ್ದ ಕ್ಲ್ಯಾಂಪ್ ತನ್ನಿ, ಎರಡೂ ತುದಿಗೆ ಮರದ ತುಂಡು ಕೊಟ್ಟು ಬಿಗಿಮಾಡಿ, ಪಿನ್ ತೆಗೆಯಿರಿ, ಆಮೇಲೆ ಕ್ಲ್ಯಾಂಪನ್ನು ಸುತ್ತು ಸುತ್ತಾಗಿ ಸಡಿಲಿಸಿ. ಕನ್ನಡಕ ಹಾಕಿ. ಯಾವ ಸ್ಪ್ರಿಂಗ್ ಮುಂದೆ, ಯಾವುದು ಹಿಂದೆ, ಯಾವ ತುದಿ ಎತ್ತ ಎಂಬುದಕ್ಕೆ ದಾರ ಕಟ್ಟಿ ಗುರುತು ಮಾಡಿ.

ಟ್ರಿಗರ್ ಪೆಟ್ಟಿಗೆಯನ್ನು ಬಿಚ್ಚಬೇಡಿ. ಪೆಟ್ರೋಲಿಯಂ ಸ್ಪಿರಿಟ್ಟಿನಲ್ಲಿ ಅದ್ದಿ, ಬ್ರಷ್ ಆಡಿಸಿ, ಒಣಗಿಸಿ, ತಿರುಗುವ ಕಡೆಗಳಿಗೆ ಸೂಜಿಮೊನೆಯಷ್ಟು ಎಣ್ಣೆ ಕೊಟ್ಟು ಹಾಗೇ ಕೂರಿಸಿ. ಟ್ರಿಗರಿನೊಳಗೆ ಪಿಸ್ಟನ್ನನ್ನು ತಡೆದು ಹಿಡಿಯುವ ಅಂಚುಗಳಿಗೆ ಉಪ್ಪುಕಾಗದ ಮುಟ್ಟಿಸಿದರೆ ರೈಫಲ್ ತಾನಾಗೇ ಸಿಡಿಯುವ ದಿನ ದೂರವಿಲ್ಲ. ಟ್ರಿಗರಿನ ಭಾರ ಬದಲಿಸಲು ಹೊರಗಿನ ಸ್ಕ್ರೂ ಇದೆ, ಅಷ್ಟು ಸಾಕು.

ಬಫರ್, ಸೀಲು, ಎಣ್ಣೆ

ಪುಡಿಯಾದ ಬಫರಿನ ಚೂರು ಎಲ್ಲಿ ಬೇಕಾದರೂ ಸೇರಿರುತ್ತದೆ. ಗಾಳಿ ದಾಟುವ ಸಣ್ಣ ರಂಧ್ರದಲ್ಲಿ ಒಂದು ಚೂರು ಉಳಿದರೂ ಹೊಸ ಬಫರ್ ಹಾಕಿದ ಶ್ರಮ ವ್ಯರ್ಥ. ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಿರಿ, ಉಕ್ಕಿನ ಮೊನೆ ಸಿಲಿಂಡರ್ ಗೋಡೆಗೆ ಗೀರು ಹಾಕುತ್ತದೆ. ಪಿಸ್ಟನ್ನಿನ ಸುತ್ತ ಇರುವ ಲೋಹದ ಉಂಗುರ, ಅಂದರೆ ಸ್ಕೂಟರ್ ಪಿಸ್ಟನ್ ರಿಂಗಿನ ತಮ್ಮ, ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಅದನ್ನು ಅಗಲಿಸಿ ತೆಗೆಯಲು ಹೋದರೆ ಮುರಿಯುತ್ತದೆ, ಇದ್ದಲ್ಲೇ ತೊಳೆಯಿರಿ.

ಹೊಸ ಬಫರ್, ನಳಿಗೆಯ ಹಿಂಬಾಯಿಯ ಸೀಲು, ಬೇಕಿದ್ದರೆ ಸ್ಪ್ರಿಂಗ್ ಜೋಡಿ ಇವುಗಳನ್ನು ಮಾದರಿಯ ಹೆಸರು ಹೇಳಿ ಕೊಳ್ಳಿ. ‘ಎಲ್ಲಕ್ಕೂ ಆಗುತ್ತದೆ’ ಎಂಬುದನ್ನು ಕೊಳ್ಳಬೇಡಿ.

ಎಣ್ಣೆಯ ವಿಷಯದಲ್ಲಿ ಕೈ ಬಿಗಿಯಿರಲಿ. ಇಲ್ಲಿನವರಿಗೆ ಬ್ಯಾಲಿಸ್ಟಾಲ್ ಎಂದರೆ ನಮ್ಮ ಅಜ್ಜಿಯರಿಗೆ ಹರಳೆಣ್ಣೆ ಇದ್ದಂತೆ. 1904ರಿಂದ ಬಂದ ಎಣ್ಣೆ, ಬಾಗಿಲ ಕೀಲಿನಿಂದ ಹಿಡಿದು ಬೂಟಿನ ಚರ್ಮದವರೆಗೆ ಎಲ್ಲಕ್ಕೂ ಅದೇ. ರೈಫಲ್ಲಿನ ಹೊರಮೈಗೆ ಅದು ಒಳ್ಳೆಯದೇ. ಸಿಲಿಂಡರಿನೊಳಗೆ ಮಾತ್ರ ಒಂದು ಹನಿಯೂ ಹೋಗಕೂಡದು. ಪಿಸ್ಟನ್ ಗಾಳಿಯನ್ನು ಥಟ್ಟನೆ ಹಿಂಡಿದಾಗ ಅದು ಎಷ್ಟು ಕಾಯುತ್ತದೆಂದರೆ ಎಣ್ಣೆಯ ಆವಿ ಡೀಸೆಲ್ ಎಂಜಿನ್ನಿನಲ್ಲಿ ಉರಿದಂತೆ ಉರಿಯುತ್ತದೆ. ಢಂ ಎಂಬ ಸದ್ದು, ನಳಿಗೆಯಿಂದ ಹೊಗೆ, ವೇಗ ಒಮ್ಮೆಲೇ ಮೇಲೆ, ಹೊಸ ಸೀಲು ಸುಟ್ಟು ಕರಕಲು. ಪಿಸ್ಟನ್ನಿನ ಪಕ್ಕಗಳಿಗೆ ಮಾಲಿಬ್ಡಿನಮ್ ಡೈಸಲ್ಫೈಡ್ ಪೇಸ್ಟನ್ನು ಬೆರಳಲ್ಲಿ ಸವರಿ ಒರೆಸಿಬಿಡಿ, ಬಣ್ಣ ಮಾತ್ರ ಉಳಿದರೆ ಸಾಕು. ಮುಂಭಾಗಕ್ಕೆ ಏನೂ ಬೇಡ. ಸ್ಪ್ರಿಂಗಿಗೆ ಜಿಗುಟಾದ ಗ್ರೀಸಿನ ತೆಳು ಲೇಪ, ಹಳಿಗೆ ಹಗುರ ಗ್ರೀಸ್.

ಜೋಡಿಸಿದ ಮೇಲೆ ಹಿಂಬಾಯಿಯ ಸೀಲನ್ನು ಪರೀಕ್ಷಿಸಲು ಉಪಕರಣ ಬೇಡ. ಟಿಶ್ಯೂ ಕಾಗದದ ತೆಳು ಪಟ್ಟಿಯನ್ನು ನಳಿಗೆಯೂ ಸಿಲಿಂಡರೂ ಸೇರುವ ಜಾಗದ ಮೇಲೆ ಹಾಕಿ, ಪೆಲೆಟ್ ಇಟ್ಟೇ ಹೊಡೆಯಿರಿ. ಪಟ್ಟಿ ಹಾರಿದರೆ ಸೀಲಿನಿಂದ ಗಾಳಿ ಸೋರುತ್ತಿದೆ. ಪೆಲೆಟ್ ಇಲ್ಲದೆ ಎಂದೂ ಹೊಡೆಯಬೇಡಿ. ಪಿಸ್ಟನ್ನಿಗೆ ಎದುರಾಗುವ ಗಾಳಿಯ ದಿಂಬೇ ಇಲ್ಲದಂತಾಗಿ ನೇರ ಹೋಗಿ ಬಡಿಯುತ್ತದೆ.

ನಳಿಗೆಗೆ ಫೆಲ್ಟ್ ತುಂಡುಗಳನ್ನು ದಾರದಲ್ಲಿ ಹಿಂದಿನಿಂದ ಮುಂದಕ್ಕೆ ಎಳೆಯಿರಿ, ಕಪ್ಪು ಹೋಗುವವರೆಗೆ. ಹೊರಗಿನ ತುಕ್ಕಿಗೆ ಅತಿ ನಯದ ಉಕ್ಕಿನ ಉಣ್ಣೆಯನ್ನು ಎಣ್ಣೆಯಲ್ಲಿ ಅದ್ದಿ ಹಗುರವಾಗಿ ಉಜ್ಜಿದರೆ ನೀಲಿಗಪ್ಪು ಉಳಿದು ತುಕ್ಕು ಮಾತ್ರ ಹೋಗುತ್ತದೆ. ಕರಗಿದ ಬಣ್ಣವನ್ನು ಬಾಟಲಿಯ ದ್ರಾವಣದಿಂದ ತುಂಬುವ ಆಸೆ ನನಗೂ ಇತ್ತು, ಒಂದು ಸ್ಕ್ರೂವಿನ ಮೇಲೆ ನೋಡಿ ಕೈಬಿಟ್ಟೆ. ತೇಪೆ ಹಾಕಿದಂತೆ ಕಾಣುತ್ತದೆ.

ಮರ

ಇಲ್ಲಿ ಆತುರಪಟ್ಟು ನಾನೊಂದು ತಪ್ಪು ಮಾಡಿದೆ. ಕೆನ್ನೆಯಾಸರೆಯ ಮೇಲೆ ಅಂಗೈಯಷ್ಟು ಜಾಗ ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಕೊಳೆ ಎಂದು ಉಜ್ಜಿ ತೆಗೆದೆ. ಆಮೇಲೆ ಹೊಳೆಯಿತು, ಹಿಂದಿನವನು ವರ್ಷಗಟ್ಟಲೆ ಕೆನ್ನೆ ಇಟ್ಟು ಇಟ್ಟು ಮಾಡಿದ ಗುರುತು ಅದು, ಯಾವ ಪಾಲಿಶ್ ಹಚ್ಚಿದರೂ ಬಾರದ ಬಣ್ಣ. ನಿಮ್ಮ ಮರದ ಮೇಲೆ ಅಂಥದ್ದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ದಿನ ಬಿಟ್ಟು ಯೋಚಿಸಿ.

ಹಳೆಯ ವಾರ್ನಿಷ್ ಬಿರಿದಿದ್ದರೆ ಮಾತ್ರ ಪೂರ್ತಿ ತೆಗೆಯಬೇಕು. ಪೇಂಟ್ ರಿಮೂವರ್ ಹಚ್ಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ. ಕಾಸ್ಟಿಕ್ ಸೋಡಾ ಬೇಡ, ಅಕ್ರೋಟ್ ಮರ ಅದರಲ್ಲಿ ಕಪ್ಪಾಗುತ್ತದೆ. ಹಿಡಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಒರಟು ಮಾಡಿದ ಭಾಗಕ್ಕೆ ಹಲ್ಲುಜ್ಜುವ ಬ್ರಷ್ ಸಾಕು, ಉಪ್ಪುಕಾಗದ ಅತ್ತ ಸುಳಿಯಬಾರದು.

ತಗ್ಗುಗಳನ್ನು ಕೆರೆದು ಸಮ ಮಾಡುವುದು ಮರವನ್ನು ತಿಂದಂತೆ. ಒದ್ದೆ ಹತ್ತಿ ಬಟ್ಟೆಯನ್ನು ತಗ್ಗಿನ ಮೇಲೆ ಇಟ್ಟು, ಕಾದ ಇಸ್ತ್ರಿ ಪೆಟ್ಟಿಗೆಯ ತುದಿ ಒತ್ತಿ. ಆವಿ ಒಳಗಿಳಿದು ಅದುಮಿಹೋದ ಎಳೆಗಳು ಉಬ್ಬಿ ಬರುತ್ತವೆ. ನಾಲ್ಕೈದು ಸಲ ಮಾಡಿದರೆ ಮುಕ್ಕಾಲು ಪಾಲು ತಗ್ಗು ಮಾಯ. ಎಳೆ ಕತ್ತರಿಸಿಹೋದ ಗೀರುಗಳು ಮಾತ್ರ ಏಳುವುದಿಲ್ಲ. ಅವನ್ನು ಹಾಗೇ ಬಿಡಿ, ಅಥವಾ ಅದೇ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ.

ಉಪ್ಪುಕಾಗದ 220ರಿಂದ ಶುರುಮಾಡಿ, 320, ಆಮೇಲೆ 400. ಕಾಗದದ ಹಿಂದೆ ಗಟ್ಟಿ ರಬ್ಬರ್ ತುಂಡು ಇರಲಿ, ಬರೀ ಬೆರಳಲ್ಲಿ ಉಜ್ಜಿದರೆ ಅಂಚುಗಳು ಸಾಬೂನಿನ ಹಾಗೆ ದುಂಡಗಾಗುತ್ತವೆ. ಮರ ಲೋಹವನ್ನು ಮುಟ್ಟುವ ಅಂಚು, ಭುಜಕ್ಕೆ ತಾಗುವ ಬಟ್ ಪ್ಲೇಟ್ ಕೂರುವ ಅಂಚು, ಇವನ್ನು ಉಜ್ಜಲೇಬೇಡಿ. ಪ್ರತಿ ಹಂತ ಮುಗಿದಾಗ ಒದ್ದೆ ಬಟ್ಟೆ ಆಡಿಸಿ ಒಣಗಲು ಬಿಟ್ಟರೆ ಮರದ ಮೀಸೆ ಏಳುತ್ತದೆ, ಮುಂದಿನ ಕಾಗದ ಅದನ್ನು ಬೋಳಿಸುತ್ತದೆ.

ಇನ್ನು ಎಣ್ಣೆ. ಅಗಸೆ ಎಂದರೆ ಧಾರವಾಡದ ಕಡೆಯ ನಮಗೆ ರೊಟ್ಟಿಯ ಜೊತೆಗಿನ ಹಿಂಡಿ. ಅದೇ ಅಗಸೆಯ ಎಣ್ಣೆ ಇಲ್ಲಿ ಬಂದೂಕಿನ ಮರಕ್ಕೆ ಹಳೆಯ ಮದ್ದು. ಅಡಿಗೆಯ ಅಂಗಡಿಯ ಹಸಿ ಎಣ್ಣೆ ವಾರಗಟ್ಟಲೆ ಒಣಗುವುದಿಲ್ಲ. ಪೇಂಟ್ ಅಂಗಡಿಯಲ್ಲಿ ‘ಬಾಯ್ಲ್ಡ್’ ಎಂದು ಮಾರುವುದನ್ನು ತನ್ನಿ, ಮೊದಲ ಲೇಪಕ್ಕೆ ಟರ್ಪೆಂಟೈನ್ ಬೆರೆಸಿ. ಬೊಗಸೆ ಸುರಿಯುವುದಲ್ಲ, ಮೂರು ಹನಿ ಅಂಗೈಗೆ ಹಾಕಿ, ಅಂಗೈ ಬಿಸಿಯಾಗುವ ತನಕ ಮರವನ್ನು ತಿಕ್ಕಬೇಕು. ಹದಿನೈದು ನಿಮಿಷದಲ್ಲಿ ಉಳಿದದ್ದನ್ನೆಲ್ಲ ಒರೆಸಿ. ಒಂದು ದಿನ ಬಿಟ್ಟು ಇನ್ನೊಂದು ಲೇಪ. ನಾನು ಹತ್ತು ಲೇಪ ಕೊಟ್ಟೆ, ಆರಕ್ಕೇ ನಿಲ್ಲಿಸಬಹುದಿತ್ತು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು ಈ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ, ಲೇಪ ಅಂಟಂಟಾಗಿಯೇ ಉಳಿಯುತ್ತದೆ. ಚನ್ನಪಟ್ಟಣದ ಗೊಂಬೆಗಳ ಹೊಳಪು ಇಷ್ಟವಾದವರು ಅರಗಿನ ಪಾಲಿಶ್ ಹಾಕಬಹುದು. ಚಂದ ಕಾಣುತ್ತದೆ, ಆದರೆ ಬೆವರುವ ಕೈಗೆ ಅದು ಬೇಗ ಮಂಕಾಗುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಬುಟ್ಟಿಗೆ ಎಸೆದರೆ ಅದು ತಾನಾಗಿ ಹೊತ್ತಿಕೊಳ್ಳಬಹುದು. ಅಗಸೆಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಮುದ್ದೆಯೊಳಗಿನ ಶಾಖ ಹೊರಹೋಗದು. ಬಟ್ಟೆಯನ್ನು ನೀರಲ್ಲಿ ಅದ್ದಿ, ಬಯಲಲ್ಲಿ ಹರಡಿ ಒಣಗಿಸಿ, ಆಮೇಲೆ ಎಸೆಯಿರಿ.

ಮೈಗೆ ಹೊಂದಿಸುವುದು

ಈ ಆಟದಲ್ಲಿ ಹತ್ತು ಅಂಕದ ಗುರುತು ಎಂದರೆ 10 ಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರಿನ ಚುಕ್ಕೆ. 1984ರಲ್ಲಿ ಒಲಿಂಪಿಕ್ಸ್ ಸೇರಿದ ಸ್ಪರ್ಧೆ ಇದು, 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಇದರಲ್ಲೇ. ಅಷ್ಟು ಸಣ್ಣದಕ್ಕೆ ಹೊಡೆಯಲು ತೋಳಿನ ಬಲ ಬೇಡ, ಎಲುಬಿನ ಮೇಲೆ ರೈಫಲ್ ತಾನಾಗಿ ನಿಂತಿರಬೇಕು. ಹಾಗಾಗಿ ಹಣವನ್ನೂ ಸಮಯವನ್ನೂ ಸುರಿಯಬೇಕಾದ್ದು ಇಲ್ಲಿ.

ಮೊದಲು ಉದ್ದ. ಮೊಣಕೈ ಮಡಿಸಿ, ಬಟ್ ಪ್ಲೇಟನ್ನು ಮೊಣಕೈಯ ಒಳಮಡಿಕೆಗೆ ತಾಗಿಸಿ, ತೋರುಬೆರಳ ಮೊದಲ ಗೆಣ್ಣಿನ ಮೆತ್ತೆ ಟ್ರಿಗರಿಗೆ ನೆಮ್ಮದಿಯಾಗಿ ತಲುಪಬೇಕು. ಇದು ಆರಂಭದ ಅಳತೆ ಅಷ್ಟೆ. ಜರ್ಮನ್ನರ ಎತ್ತರಕ್ಕೆಂದು ಬಟ್ ಪ್ಲೇಟಿಗೂ ಮರಕ್ಕೂ ನಡುವೆ ಹಾಕಿದ ಎರಡು ಸ್ಪೇಸರುಗಳನ್ನು ನಾನು ತೆಗೆದುಹಾಕಬೇಕಾಯಿತು. ಅಷ್ಟಕ್ಕೂ ಉದ್ದವಾದರೆ ತೆಳುವಾದ ಬಟ್ ಪ್ಲೇಟ್ ಹುಡುಕಿ, ಮರಕ್ಕೆ ಗರಗಸ ಹಾಕಬೇಡಿ. ಉದ್ದ ಸಾಲದವರು ಊರಿನ ಬಡಗಿಯ ಹತ್ತಿರ ಬೀಟೆಯ ಚೂರು ಕೇಳಿ ಸ್ಪೇಸರ್ ಮಾಡಿಸಬಹುದು, ಅಕ್ರೋಟ್ ಮರದ ಪಕ್ಕದಲ್ಲಿ ಅದರ ಬಣ್ಣ ಒಪ್ಪುತ್ತದೆ. ಬೀಟೆಯ ಪುಡಿ ಮೂಗಿಗೂ ಚರ್ಮಕ್ಕೂ ಆಗಿಬರುವುದಿಲ್ಲ, ಮುಖಕ್ಕೆ ಬಟ್ಟೆ ಕಟ್ಟಿ.

ಆಮೇಲೆ ಎತ್ತರ. ಎಡ ಮೊಣಕೈಯನ್ನು ಸೊಂಟದ ಎಲುಬಿಗೆ ಊರಿ ನಿಂತಾಗ ಗುರಿ ಕಣ್ಣಿನ ಮಟ್ಟಕ್ಕೆ ಬರದಿದ್ದರೆ ಬೆನ್ನು ಬಗ್ಗಿಸುತ್ತೀರಿ ಅಥವಾ ಕತ್ತು. ಎರಡೂ ತಪ್ಪು. ಅಂಗೈಗೂ ಮರಕ್ಕೂ ನಡುವೆ ಒಂದು ತುಂಡು ಬೇಕು. ಅದರ ಎತ್ತರ ಲೆಕ್ಕದಿಂದ ಸಿಗದು. ಹೊರಪ್ಯಾಕಿಂಗಿನ ಗಟ್ಟಿ ಫೋಮ್ ತುಂಡುಗಳನ್ನು ಟೇಪಿನಿಂದ ಅಂಟಿಸಿ, ಕಣ್ಣು ಮುಚ್ಚಿ ರೈಫಲ್ ಎತ್ತಿ, ಮೂರು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಗುರಿಯ ಕೆಳಗೆ ನಿಂತಿದ್ದರೆ ಇನ್ನೊಂದು ಪದರ ಸೇರಿಸಿ. ಎರಡು ವಾರ ಹೀಗೇ ಹೊಡೆದ ಮೇಲೆ ಆ ಅಳತೆಯನ್ನು ಮರದಲ್ಲಿ ಕೊರೆಯಿರಿ. ನನ್ನ ಮೊದಲ ಮರದ ತುಂಡು ಎರಡನೇ ದಿನವೇ ಒಲೆಗೆ ಹೋಯಿತು, ಫೋಮಿನ ಹಂತ ಬಿಟ್ಟಿದ್ದಕ್ಕೆ.

ಕೆನ್ನೆ ಆರಾಮಾಗಿ ಇಳಿದಾಗ ಕಣ್ಣು ಡಯಾಪ್ಟರಿನ ನಡುವಿಗೆ ಬರಬೇಕು. ತಗ್ಗಿದ್ದರೆ ತೆಳು ಕಾರ್ಕ್ ಹಾಳೆ ಅಂಟಿಸಿ, ಹೆಚ್ಚಾದರೆ ಕಿತ್ತುಬಿಡಬಹುದು. ಹೊಡೆದಾಗ ಡಯಾಪ್ಟರ್ ಕೂಡ ಹಳಿಯ ಮೇಲೆ ಹಿಂದೆ ಬರುತ್ತದೆಂಬುದು ನೆನಪಿರಲಿ, ಹುಬ್ಬನ್ನು ರಬ್ಬರಿಗೆ ಒತ್ತಿ ಹಿಡಿಯಬೇಡಿ. ಸ್ಪರ್ಧೆಗೆ ಹೋಗುವವರಿಗೆ ಒಟ್ಟು ತೂಕದ ಮಿತಿ 5.5 ಕಿಲೋ. ಈ ರೈಫಲ್ ಬರಿದಾಗಿಯೇ ಐದು ಕಿಲೋ ಸಮೀಪ ತೂಗುತ್ತದೆ, ತೂಕದ ಬಿಲ್ಲೆ ಸೇರಿಸುವಾಗ ತಕ್ಕಡಿ ಹತ್ತಿರ ಇರಲಿ.

ನಳಿಗೆಯ ತುದಿಯಲ್ಲಿ, ಗುರಿಯ ಕಪ್ಪನ್ನು ನಡುವೆ ಹಿಡಿದು ನೋಡುವ ಮುಂದಿನ ಉಂಗುರವನ್ನು ಹೊಸಬರೆಲ್ಲ ಅತಿ ಚಿಕ್ಕದಾಗಿ ಆರಿಸುತ್ತಾರೆ. ಗುರಿಯ ಕಪ್ಪು ವೃತ್ತ 30.5 ಮಿ.ಮೀ. ಕಣ್ಣಿನಿಂದ 80 ಸೆಂ.ಮೀ. ದೂರದ ಉಂಗುರದಲ್ಲಿ ಅದು ಸುಮಾರು 2.4 ಮಿ.ಮೀ. ಆಗಿ ಕಾಣುತ್ತದೆ. ಉಂಗುರ 3 ಇದ್ದರೆ ಸುತ್ತ ಉಳಿಯುವ ಬಿಳಿ ಕೂದಲೆಳೆ, ಕೈ ಚೂರು ಅಲುಗಿದರೂ ಮನಸ್ಸು ಹೆದರುತ್ತದೆ. ನಾನು 4.2ರಲ್ಲಿ ನಿಂತೆ. ನಲವತ್ತು ದಾಟಿದವರು ಕಣ್ಣಿನ ವೈದ್ಯರಿಗೆ ಮುಂದಿನ ಉಂಗುರದ ದೂರ ಹೇಳಿ ಕನ್ನಡಕ ಕೇಳಿ. ಓದುವ ಕನ್ನಡಕವೂ ಅಲ್ಲ, ದೂರದ್ದೂ ಅಲ್ಲ, ದೂರದ ನಂಬರಿಗೆ ಅರ್ಧ ಪ್ಲಸ್ ಸೇರಿಸಿದರೆ ಹಲವರಿಗೆ ಉಂಗುರ ಸ್ಪಷ್ಟವಾಗುತ್ತದೆ.

ಪರೀಕ್ಷೆ

ಮೊದಲ ಐವತ್ತು ಪೆಲೆಟ್‌ಗಳ ವೇಗ ನೋಡಿ ಬೇಸರಪಡಬೇಡಿ. ಹೊಸ ಬಫರ್ ಕೂರಬೇಕು, ಹೆಚ್ಚಾದ ಪೇಸ್ಟು ಹೊರಬರಬೇಕು. ನನ್ನದು ಇನ್ನೂರರ ಹೊತ್ತಿಗೆ 165ರಲ್ಲಿ ನೆಲೆನಿಂತಿತು, ಏರುಪೇರು 2 ಮೀಟರಿಗೆ ಇಳಿಯಿತು. ಖಣ್ ಹೋಗಿ, ದಪ್ಪ ಪುಸ್ತಕ ಮುಚ್ಚಿದಂಥ ಸದ್ದು ಬಂತು. ವೇಗ 170 ದಾಟಿ ಕುಣಿಯುತ್ತಿದ್ದರೆ ಒಳಗೆ ಎಣ್ಣೆ ಉರಿಯುತ್ತಿದೆ ಎಂದರ್ಥ, ಮತ್ತೆ ಬಿಚ್ಚಿ ಒರೆಸಿ.

ನಂತರ ಮೇಜಿನ ಮೇಲೆ ಮರಳಚೀಲ ಇಟ್ಟು, ತಲೆ ಚಪ್ಪಟೆಯಾದ ಮ್ಯಾಚ್ ಪೆಲೆಟ್‌ಗಳನ್ನು ಐದೈದಾಗಿ ಹೊಡೆದು ನೋಡಿ. 4.49, 4.50, 4.51 ಮಿ.ಮೀ. ಹೀಗೆ ತಲೆಯ ಅಳತೆ ಬೇರೆ ಬೇರೆ ಸಿಗುತ್ತದೆ. ಪ್ರತಿ ನಳಿಗೆಗೂ ತನ್ನದೇ ರುಚಿ, ದುಬಾರಿ ಡಬ್ಬಿಯೇ ಗೆಲ್ಲುತ್ತದೆ ಎಂದಿಲ್ಲ. ಮೂರು ಡಬ್ಬಿ ಕೊಂಡು ಒಂದನ್ನು ಉಳಿಸಿಕೊಳ್ಳಿ, ಮಿಕ್ಕದ್ದನ್ನು ಕ್ಲಬ್ಬಿನ ಮಕ್ಕಳಿಗೆ ಕೊಡಿ. ಗುರಿಹಾಳೆಯ ಮೇಲೆ ತೂತುಗಳ ಗುಂಪು ಹರಡುತ್ತಿದ್ದರೆ ಪೆಲೆಟ್‌ಗಿಂತ ಮೊದಲು ಸ್ಟಾಕಿನ ಬೋಲ್ಟ್ ನೋಡಿ. ಎಣ್ಣೆ ಕುಡಿದ ಮರ ಕೂರುತ್ತ ಹೋದಂತೆ ಅವು ಸಡಿಲವಾಗುತ್ತವೆ.

ಕೆಲಸ ಮುಗಿದ ಮೇಲೆ ಒಂದು ಚೀಟಿಯಲ್ಲಿ ಬಫರ್ ಹಾಕಿದ ತಿಂಗಳು, ವರ್ಷ, ವೇಗ, ಸ್ಪೇಸರುಗಳ ಸಂಖ್ಯೆ, ಉಂಗುರದ ಅಳತೆ ಬರೆದು ಬಟ್ ಪ್ಲೇಟಿನ ಹಿಂದೆ ಇಡಿ. ನಾನು ತೆಗೆದಾಗ ಅಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಎರಡು ಅಂಕಿಗಳಿದ್ದವು, ಡಯಾಪ್ಟರಿನ ಕ್ಲಿಕ್ಕುಗಳಿರಬೇಕು. ಅವನ್ನು ಮಾತ್ರ ಉಜ್ಜಲಿಲ್ಲ.